ಒಂದನೇ ಚೌಕದೊಳಗಿನ ಶ್ರೀ

ಕಲ್ಮೇಶ ಹುಬ್ಬಳ್ಳಿಯಲ್ಲಿರುವ ಅವ್ವನಿಗೆ ತಾನು ರೇಸ್ ಕಾರಿನ ಕಂಪನಿಯಲ್ಲಿದ್ದೇನೆ ಎಂದು ಹೇಳಿದ್ದ. ಅವ್ವ ಅದನ್ನು ಓಣಿಗೆಲ್ಲ ಹೇಳಿದಳು. ಓಣಿಯವರು ತಮ್ಮ ಪಾಲಿನದೂ ಒಂದಿಷ್ಟು ಸೇರಿಸಿ, ಹುಡುಗ ಸ್ವತಃ ಕಾರು ಓಡಿಸುತ್ತಾನೆ ಎಂಬಲ್ಲಿಗೆ ಸುದ್ದಿಯನ್ನು ತಂದು ನಿಲ್ಲಿಸಿದರು. ನಿಜವೇನೆಂದರೆ ಕಲ್ಮೇಶ ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಒಬ್ಬ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಕುಳಿತು, ಹಳೆಯ ಕಾಗದ ನೋಡಿ ನೋಡಿ ಕಂಪ್ಯೂಟರಿಗೆ ತುಂಬುತ್ತಿದ್ದ. ವೀಸಾ ಕಾಗದದ ಮೇಲೆ ಅವನು ಡೇಟಾ ಇಂಜಿನಿಯರ್. ಅವನ ಅಜ್ಜ ಮಾಮಲೇದಾರ ಕಚೇರಿಯಲ್ಲಿ ಇದೇ ಕೆಲಸ ಮಾಡುತ್ತಿದ್ದಾಗ ಅದಕ್ಕೆ ಗುಮಾಸ್ತ ಎನ್ನುತ್ತಿದ್ದರು. ಅಜ್ಜನಿಗೆ ಏಳನೇ ಕ್ಲಾಸಿನ ಮುಲ್ಕಿ ಪರೀಕ್ಷೆ ಪಾಸಾದದ್ದು ಸಾಕಾಗಿತ್ತು. ಮೊಮ್ಮಗನಿಗೆ ಎರಡು ಡಿಗ್ರಿ, ಒಂದು ಸಮುದ್ರ ಬೇಕಾಯಿತು.

ಹಳೆಯ ಕಾಲದ ಒಂದು ಚಾಂಪಿಯನ್‌ಶಿಪ್ಪಿನ ಕಾಗದಗಳನ್ನೆಲ್ಲ ಯಾವುದೋ ಸಂಗ್ರಹಾಲಯ ಕೊಂಡಿತ್ತು. ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡ, ಒಬ್ಬನೇ ಕೂರುವ, ಕೂತವನ ತಲೆಯಷ್ಟೇ ಹೊರಗೆ ಕಾಣುವ ಕಾರುಗಳ ರೇಸುಗಳವು. ಆ ಪಂದ್ಯಮಾಲೆ ಈಗಿಲ್ಲ. ಅದು ನಡೆಯುತ್ತಿದ್ದ ಟ್ರ್ಯಾಕುಗಳಲ್ಲಿ ಹಲವು ಗೋದಾಮುಗಳಾಗಿವೆ. ಆ ಕಾಲಕ್ಕೆ ಲೆಕ್ಕವನ್ನು ಪೂರ್ತಿಯಾಗಿ ಯಂತ್ರಕ್ಕೆ ಒಪ್ಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಒಂದೊಂದು ಕಾರಿಗೆ ಒಬ್ಬೊಬ್ಬರು ಟ್ರ್ಯಾಕಿಗೆ ಅಡ್ಡ ಎಳೆದ ಗೆರೆಯ ಎದುರು ಕುಳಿತು, ತಮ್ಮ ಕಾರು ಗೆರೆ ದಾಟಿದಾಗಲೆಲ್ಲ ಹಾಳೆಯ ಒಂದು ಚೌಕದಲ್ಲಿ ದೊಡ್ಡ ಗಡಿಯಾರದ ಸಮಯ ಬರೆಯಬೇಕು. ಇನ್ನೂರು ಲ್ಯಾಪಿನ, ಅಂದರೆ ಇನ್ನೂರು ಸುತ್ತಿನ, ರೇಸಿಗೆ ಇನ್ನೂರು ಚೌಕ, ಪ್ರತಿ ಚೌಕದ ಮೂಲೆಯಲ್ಲಿ ಅಚ್ಚಾದ ನಂಬರು. ಬರೆಯುವವರಿಗೆ ಸಂಬಳವಿಲ್ಲ. ಒಂದು ಟೋಪಿ, ಒಂದು ಸ್ಯಾಂಡ್‌ವಿಚ್ಚು.

ಕಲ್ಮೇಶನ ಕಂಪನಿಯ ನಿಯಮ ಒಂದೇ. ಚೌಕದಲ್ಲಿ ಶಾಯಿ ಇದ್ದರೆ ಅದು ಒಂದು ಲ್ಯಾಪು. ಸಮಯ ಓದಲಿಕ್ಕೆ ಬಂದರೆ ಟೈಪು ಹೊಡೆ, ಬಾರದಿದ್ದರೆ ಪಟ್ಟಿಯಿಂದ ಒಂದು ಕಾರಣ ಆರಿಸು: ಶಾಯಿ ಹರಡಿದೆ, ಕಾಗದ ಹರಿದಿದೆ, ಅಕ್ಷರ ಓದಲಾಗದು, ಇತರೆ. ಕಲ್ಮೇಶ ದಿನಕ್ಕೆ ನಲವತ್ತು ಹಾಳೆ ಮುಗಿಸುತ್ತಿದ್ದ. ಆರು ತಿಂಗಳಲ್ಲಿ ಅವನ ಬುದ್ಧಿ ಒಂದೇ ಒಂದು ಸಲವೂ ಕೆಲಸಕ್ಕೆ ಬಂದಿರಲಿಲ್ಲ. ಅದರ ಬಗ್ಗೆ ಬುದ್ಧಿಯೂ ತಕರಾರು ಮಾಡಿರಲಿಲ್ಲ.

ಒಂದು ಮಂಗಳವಾರ, ಎಂಬತ್ತೊಂಬತ್ತನೇ ಇಸವಿಯ ಬೇಸಿಗೆಯ ಒಂದು ರೇಸು. ಡೆಟ್ರಾಯಿಟಿನಿಂದ ಒಂದೂವರೆ ಗಂಟೆ ದೂರದ ಓವಲ್ ಟ್ರ್ಯಾಕು, ನಲವತ್ತೊಂದನೇ ನಂಬರಿನ ಕಾರಿನ ಹಾಳೆ. ಎರಡನೇ ಚೌಕದಿಂದ ಮುತ್ತು ಪೋಣಿಸಿದಂಥ ಅಂಕಿಗಳು ನೂರ ತೊಂಬತ್ತೆರಡನೆಯ ಚೌಕದವರೆಗೆ. ಒಂದನೇ ಚೌಕದಲ್ಲಿ ಮಾತ್ರ ಸಮಯವಿಲ್ಲ. ನೀಲಿ ಶಾಯಿಯಲ್ಲಿ, ದುಂಡಗೆ, ಒಂದೇ ಅಕ್ಷರ: ಶ್ರೀ.

ಕಲ್ಮೇಶ ಅದನ್ನು ದೊಡ್ಡದು ಮಾಡಿ ನೋಡಿದ. ಇನ್ನೂ ದೊಡ್ಡದು ಮಾಡಿದ. ಪರೀಕ್ಷೆಯ ಉತ್ತರ ಪತ್ರಿಕೆಯಿಂದ ಹಿಡಿದು ಕಿರಾಣಿ ಚೀಟಿಯವರೆಗೆ, ಖಾಲಿ ಕಾಗದ ಕಂಡರೆ ಸಾಕು, ಅವನ ಅವ್ವ ತಲೆಯ ಮೇಲೆ ಬರೆಯುತ್ತಿದ್ದದ್ದು ಇದನ್ನೇ. ಕೆಳಗೆ ಬರೆದವರ ಸಹಿ ಇಂಗ್ಲಿಷಿನಲ್ಲಿತ್ತು: ನೀಲಮ್ಮ ಬಿ. ಹಿರೇಮಠ.

ಮೊದಲು ಅವನಿಗೆ ಖುಷಿಯಾಯಿತು. ಪಕ್ಕದ ಹಾಳೆಗಳನ್ನು ತೆರೆದು ನೋಡಿದ ಮೇಲೆ ಖುಷಿ ಇಳಿಯಿತು. ಬೇರೆಲ್ಲ ಕಾರುಗಳ ಮೊದಲನೇ ಲ್ಯಾಪಿನ ಸಮಯ ಒಂದನೇ ಚೌಕದಲ್ಲಿದ್ದರೆ, ನಲವತ್ತೊಂದರದು ಎರಡನೇ ಚೌಕದಲ್ಲಿತ್ತು. ಅಂದರೆ ಇಡೀ ಹಾಳೆಯೇ ಒಂದು ಮನೆ ಮುಂದಕ್ಕೆ ಸರಿದಿದೆ. ನಲವತ್ತೊಂದನೇ ಕಾರು ಓಡಿದ್ದು ನೂರ ತೊಂಬತ್ತೊಂದು ಲ್ಯಾಪು. ದಾಖಲೆಯಲ್ಲಿ ಅದಕ್ಕೆ ಸಿಕ್ಕಿದ್ದು ನೂರ ತೊಂಬತ್ತೆರಡು, ಹನ್ನೆರಡನೇ ಸ್ಥಾನ, ಒಂದು ಪಾಯಿಂಟು. ಅದರ ಹಿಂದೆ, ನೂರ ತೊಂಬತ್ತೊಂದು ಲ್ಯಾಪಿಗೆ ಹದಿಮೂರನೇ ಸ್ಥಾನದಲ್ಲಿ, ಹದಿನೇಳನೇ ನಂಬರಿನ ಕಾರು; ಚಾಲಕ ಡೇಲ್ ಹೋಲ್ಕಂಬ್. ಸಮಯ ತಾಳೆ ಹಾಕಿದರೆ ಹೋಲ್ಕಂಬ್ ನಿಜವಾಗಿ ನಲವತ್ತೊಂದಕ್ಕಿಂತ ಎರಡು ಸೆಕೆಂಡು ಮುಂದಿದ್ದ. ಹದಿಮೂರನೆಯವನಿಗೆ ಪಾಯಿಂಟಿಲ್ಲ.

ಕಲ್ಮೇಶ ಹೋಲ್ಕಂಬನ ಹೆಸರಿನ ಪುಟ ತೆರೆದ. ನಾಲ್ಕು ವರ್ಷ, ಇಪ್ಪತ್ತೊಂಬತ್ತು ರೇಸು. ಒಟ್ಟು ಪಾಯಿಂಟು: ಸೊನ್ನೆ.

ಆ ಮಧ್ಯಾಹ್ನವೇ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ, ‘ಡೆಟ್ರಾಯಿಟ್ ಕಡೆ ನೀಲಮ್ಮ ಹಿರೇಮಠ ಅಂತ ಯಾರಾದ್ರೂ ಗೊತ್ತಾ’ ಎಂದು ಹಾಕಿದ. ಇಪ್ಪತ್ತು ನಿಮಿಷದಲ್ಲಿ ಫೋನ್ ನಂಬರು ಬಂತು. ಜೊತೆಗೆ ಒಬ್ಬರು ಪಕ್ಕದ ಊರು ನೇಪರ್‌ವಿಲ್‌ನಲ್ಲಿ ಬಾಡಿಗೆಗಿರುವ ಬೇಸ್‌ಮೆಂಟಿನ ಫೋಟೋ ಕಳಿಸಿದರು. ಇನ್ನೊಬ್ಬರು ಅವನಿಗೆ ಮದುವೆ ಆಗಿದೆಯಾ ಎಂದು ಕೇಳಿದರು.

ಸಂಜೆ ಫೋನ್ ಮಾಡಿ ಹಾಳೆಯ ವಿಷಯ, ಮುಂದಿನ ತಿಂಗಳ ಹದಿನಾಲ್ಕಕ್ಕೆ ಅದು ಎಲ್ಲರಿಗೂ ಕಾಣುವಂತೆ ತೆರೆಯುವ ವಿಷಯ ಹೇಳಿದ. ಆ ಕಡೆ ಕುಕ್ಕರು ಕೂಗುತ್ತಿತ್ತು.

“ಆ ಹಾಳಿ ಇನ್ನೂ ಐತೇನಪಾ,” ಎಂದಳು ನೀಲಮ್ಮ.

“ಐತ್ರಿ ಆಂಟಿ. ನನ್ನ ಮುಂದನ ಐತಿ.”

“ಒಂದನೇ ಮನಿಯೊಳಗ ಶ್ರೀ ಐತಿ?”

“ಐತ್ರಿ.”

“ಮೂವತ್ತಾರು ವರ್ಷ ಆತು ತಮ್ಮಾ. ನಾ ಅದನ್ನ ಕನಸಿನೊಳಗ ಅಳಿಸಾಕತ್ತೀನಿ.” ಒಲೆ ಆರಿಸಿದ ಸದ್ದು ಕೇಳಿತು. “ಆ ಹೋಲ್ಕಂಬ್ ಇಲ್ಲೇ ಅದಾನ. ಗ್ಯಾರೇಜ್ ಇಟ್ಟಾನ. ಈ ತಿಂಗಳ ಕೊನಿಗೆ ಮುಚ್ಚಿ, ಟೆಕ್ಸಸ್ಸಿಗೆ ಮಗಳ ಮನಿಗೆ ಹೊಂಟಾನ. ಅಂವ ಹೋಗೂದರೊಳಗ ನಾ ಹೇಳಬೇಕು. ಬರೇ ಕೈಲೆ ಹೋಗಿ ಏನಂತ ಹೇಳಲಿ? ನೀ ಕಂಪ್ಯೂಟರಿನಾಂವ. ಅದನ್ನ ತಿದ್ದಾಕ ಬರ್ತೈತೇನು?”

ಕಲ್ಮೇಶ ಇಲ್ಲ ಎನ್ನಬೇಕಾಗಿತ್ತು. ಅವನಿಗೆ ಗೊತ್ತಿತ್ತು. ಆದರೆ ಹಿರಿಯರು ಏನಾದರೂ ಕೇಳಿದಾಗ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅವನ ಮನೆಯಲ್ಲಿ ಆಗದ ಕೆಲಸಕ್ಕೆ ಹೇಳುವ ಮಾತೇ ಬೇರೆ.

“ಆಗ್ತೈತ್ರಿ ಆಂಟಿ,” ಎಂದ. “ನೋಡೂಣು.”

ಅವನ ಪ್ರಕಾರ ಅದು ‘ಆಗುವುದಿಲ್ಲ, ನಿಧಾನಕ್ಕೆ ನಿಮಗೇ ತಿಳಿಯುತ್ತದೆ’ ಎಂದು. ಮೂವತ್ತೊಂಬತ್ತು ವರ್ಷ ಅಮೆರಿಕದಲ್ಲಿದ್ದ ನೀಲಮ್ಮನಿಗೆ ಆಗ್ತೈತಿ ಎಂದರೆ ಆಗುತ್ತದೆ ಎಂದೇ ಅರ್ಥವಾಯಿತು.

“ಶನಿವಾರ ಬಾ,” ಎಂದಳು. “ನಿನ್ನ ಕಾರಿಂದೂ ಎಣ್ಣಿ ಬದಲಿ ಮಾಡಸೂಣು.”

ಬುಧವಾರ ಕಲ್ಮೇಶ ಅಪರೂಪಕ್ಕೆ ಧೈರ್ಯ ಮಾಡಿದ. ಅವನ ಮೇಲಿನವಳು ತನಿಷಾ. ನೇಪರ್‌ವಿಲ್‌ನಲ್ಲೇ ಹುಟ್ಟಿದವಳು, ಅಪ್ಪ ಅಮ್ಮ ದಾವಣಗೆರೆಯವರು. ಕನ್ನಡ ತಿಳಿಯುತ್ತದೆ, ಆದರೆ ಬಾಯಿಂದ ಬರುವುದು ಇಂಗ್ಲಿಷು. ವಾಕ್ಯದ ಕೊನೆಗೆ ಮಾತ್ರ, ಮಂಗಳಾರತಿಯಂತೆ, ಒಂದು ‘ಅಲ್ವಾ’ ಇರುತ್ತದೆ. ಅವನು ಎಲ್ಲ ಹಾಳೆಗಳನ್ನು ಸಾಲಾಗಿ ಇಟ್ಟು ತೋರಿಸಿದ. ತನಿಷಾ ಗಲ್ಲಕ್ಕೆ ಕೈ ಕೊಟ್ಟು ಪೂರ್ತಿ ಕೇಳಿದಳು.

“ನೀನು ಹೇಳ್ತಿರೋದು ಸರಿ,” ಎಂದಳು ಇಂಗ್ಲಿಷಿನಲ್ಲಿ. “ನನ್ನ ಅಜ್ಜಿನೂ ಹೀಗೇ ಬರೀತಾರೆ.”

“ಹಾಗಾದ್ರೆ ತಿದ್ದಬಹುದಾ?”

“ಇಲ್ಲ. ರೇಸಿನ ಫಲಿತಾಂಶದ ಮೇಲೆ ತಕರಾರಿದ್ದರೆ ಅರ್ಧ ಗಂಟೆಯೊಳಗೆ ಕೊಡಬೇಕಿತ್ತು. ಕೊಟ್ಟಿಲ್ಲ. ಫಲಿತಾಂಶ ಅಂತಿಮ. ಸಂಗ್ರಹಾಲಯದವರು ನಮಗೆ ದುಡ್ಡು ಕೊಡ್ತಿರೋದು ಆವತ್ತು ಬರೆದದ್ದನ್ನ ತುಂಬೋಕೆ. ಆವತ್ತು ನಡೆದದ್ದನ್ನ ತುಂಬೋಕಲ್ಲ, ಅಲ್ವಾ?”

ಆದರೂ ಕಲ್ಮೇಶ ಗುರುವಾರ ಕಳ್ಳನಂತೆ ಒಂದು ಪ್ರಯತ್ನ ಮಾಡಿದ. ನಲವತ್ತೊಂದರ ಮುಂದೆ ನೂರ ತೊಂಬತ್ತೊಂದು ಎಂದು ಹೊಡೆದ. ಕಂಪ್ಯೂಟರು ಕೆಂಪಾಯಿತು: ಅಧಿಕೃತ ಫಲಿತಾಂಶಕ್ಕೆ ಹೊಂದುತ್ತಿಲ್ಲ. ಮತ್ತೊಮ್ಮೆ ಹೊಡೆದ; ಮತ್ತೆ ಕೆಂಪು. ಮೂರನೇ ಸಲ ಹೊಡೆದರೆ ಸಂದೇಶ ತನಿಷಾಳಿಗೆ ಹೋಗುತ್ತದೆ ಎಂದಿತು. ಕಲ್ಮೇಶನಿಗೆ ತನ್ನ ವೀಸಾ ನೆನಪಾಯಿತು, ಹುಬ್ಬಳ್ಳಿಯ ಓಣಿ ನೆನಪಾಯಿತು. ಅಲ್ಲಿಗೆ ಅವನ ಕ್ರಾಂತಿ ಮುಗಿಯಿತು. ನೂರ ತೊಂಬತ್ತೆರಡು ಎಂದು ತುಂಬಿ, ಒಂದನೇ ಚೌಕದ ಕಾರಣಕ್ಕೆ ಪಟ್ಟಿ ತೆರೆದ. ಶಾಯಿ ಹರಡಿಲ್ಲ, ಕಾಗದ ಹರಿದಿಲ್ಲ. ಓದಲಾಗದು ಎನ್ನಲು ಮನಸ್ಸು ಬರಲಿಲ್ಲ. ‘ಇತರೆ’ ಎಂದು ಒತ್ತಿದ. ಶುಕ್ರವಾರ ಸಂಜೆ ಐದಕ್ಕೆ ಆ ವರ್ಷದ ಕಡತಕ್ಕೆ ಬೀಗ ಬಿತ್ತು. ಮುಂದಿನ ತಿಂಗಳ ಹದಿನಾಲ್ಕಕ್ಕೆ ಅದು ಜಗತ್ತಿನ ಯಾರು ಬೇಕಾದರೂ ನೋಡುವಂತೆ ತೆರೆಯುತ್ತದೆ.

ನೀಲಮ್ಮನಿಗೆ ಫೋನ್ ಮಾಡಿ ಹೇಳಿಬಿಡೋಣ ಎಂದು ಶುಕ್ರವಾರ ನಾಲ್ಕು ಸಲ ಮೊಬೈಲು ಎತ್ತಿಕೊಂಡ. ಎದುರಿಗೇ ಹೇಳುವುದು ಮರ್ಯಾದೆ ಎಂದುಕೊಂಡು ನಾಲ್ಕು ಸಲವೂ ಇಟ್ಟ. ಹೇಡಿತನಕ್ಕೆ ಅವನ ಹತ್ತಿರ ಯಾವಾಗಲೂ ಒಂದು ಒಳ್ಳೆಯ ಹೆಸರು ಸಿದ್ಧವಾಗಿರುತ್ತಿತ್ತು. ಕೊನೆಗೆ ಆ ಹಾಳೆಯದೊಂದು ಬಣ್ಣದ ಪ್ರಿಂಟು ತೆಗೆದುಕೊಂಡ. ಕಾಗದ ಕಂಪನಿಯದು, ಶಾಯಿ ಕಂಪನಿಯದು. ಅವನದು ಭಯ ಮಾತ್ರ.

ಶನಿವಾರ ನಸುಕಿಗೆ ಹೊರಟು ಇನ್ನೂರ ಎಪ್ಪತ್ತು ಮೈಲಿ ಓಡಿಸಿ, ದಾರಿಯಲ್ಲಿ ಒಂದು ಗಂಟೆಯನ್ನು ಮಿಷಿಗನ್ನಿನ ಗಡಿಯಾರಕ್ಕೆ ಕಳೆದುಕೊಂಡು, ಹತ್ತೂವರೆಗೆ ಡೆಟ್ರಾಯಿಟ್ ಬಳಿಯ ನೀಲಮ್ಮನ ಊರು ಕ್ಯಾಂಟನ್ ತಲುಪಿದ. ಒಂದೇ ಅಚ್ಚಿನ ಮನೆಗಳ ನಡುವೆ ಯಾವ ಮನೆ ಎಂದು ಹುಡುಕುವ ಕಷ್ಟವಿರಲಿಲ್ಲ. ನೀಲಮ್ಮ ತನ್ನ ಮನೆಯ ಗ್ಯಾರೇಜಿನ ಬಾಗಿಲ ಮುಂದೆ ಇಳಕಲ್ ಸೀರೆ ಉಟ್ಟು, ಮೇಲೊಂದು ಸ್ವೆಟರ್ ಹಾಕಿಕೊಂಡು, ಆಗಲೇ ನಿಂತಿದ್ದಳು. ಅರುವತ್ತು ವರ್ಷ, ಗಿಡ್ಡ ಆಳು, ಕಣ್ಣಿನಲ್ಲೇ ಎಣಿಸುವವಳಂತೆ ನೋಟ.

ಉಪ್ಪಿಟ್ಟಿನ ತಟ್ಟೆಯ ಮುಂದೆ ಕಥೆ ಹೇಳಿದವನು ಗಂಡ ಬಸಯ್ಯ. ಕಾರಿನ ಇಂಜಿನ್ ಮಾಡುವ ಕಂಪನಿಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು.

“ಮದುವಿ ಆಗಿ ಬಂದಾಗ ಇಕಿಗೆ ಇಂಗ್ಲಿಷ್ ಇಲ್ಲ, ಲೈಸೆನ್ಸ್ ಇಲ್ಲ,” ಎಂದ. “ಅಪಾರ್ಟ್‌ಮೆಂಟಿನ ಕಿಟಕಿಯೊಳಗ ಕುಂತು ಹೈವೇ ಮ್ಯಾಲಿನ ಕಾರು ಎಣಸಾಕಿ. ಸಂಜೀಕ ನಾ ಬಂದ್ರ, ಇವತ್ತು ಕೆಂಪು ಮುನ್ನೂರಾ ಹನ್ನೆರಡು ಅಂತ ವರದಿ. ನಾ ನಗಚಾಟಕಿಗೆ ನಮ್ಮ ಬಾಸಿನ ಮುಂದ ಹೇಳಿದೆ. ಅವರ ಹೆಣ್ತಿ ರೇಸಿನ ಲೆಕ್ಕಕ್ಕ ಜನ ಹುಡಕಾಕತ್ತಿದ್ಳು. ಅಂಥಾಕೀನ ಬೇಕು ಅಂದ್ಳು.”

“ನೀವು ಸುಮ್ಮನ ಇರ್ರಿ. ನಾ ಹೇಳ್ತೀನಿ,” ಎಂದಳು ನೀಲಮ್ಮ.

ಆದರೆ ಹೇಳುವಾಗ ಅವಳ ದನಿ ಇಳಿಯಿತು. ಹಾಳೆ ಕೊಟ್ಟರು, ಹಲಗೆಗೆ ಸಿಕ್ಕಿಸಿ ಕೊಟ್ಟರು. ಹಾಳೆಯ ತಲೆಯೆಲ್ಲ ಕ್ಲಿಪ್ಪಿನ ಕೆಳಗೆ. ಕಾರುಗಳು ರೇಸು ಶುರುವಾಗುವ ಮೊದಲು ಒಂದು ಸುತ್ತು ಮೆಲ್ಲಗೆ, ಸಾಲಾಗಿ, ದೇವರ ಮುಂದೆ ಹೋಗುವಂತೆ ಬಂದವು. ಇದು ಎಣಿಕೆಗಿಲ್ಲ ಎಂದು ಮೊದಲೇ ಹೇಳಿದ್ದರು. ಎಣಿಕೆಗಿಲ್ಲದ ಸುತ್ತಿಗೆ ಎಣಿಕೆಗಿಲ್ಲದ ಅಕ್ಷರ. ಕೈ ತಾನಾಗಿ ಮೊದಲು ಕಂಡ ಬಿಳಿಯ ಜಾಗದಲ್ಲಿ ಶ್ರೀ ಬರೆಯಿತು. ಆಮೇಲೆ ಎರಡು ಗಂಟೆ ಅವಳು ಕಣ್ಣು ಮಿಟುಕಿಸಲಿಲ್ಲ. ಕಿವಿಯೊಳಗೆ ಹತ್ತಿ, ಎದೆಯೊಳಗೆ ಇಂಜಿನ್ನಿನ ನಡುಕ, ನಲವತ್ತೊಂದು ಹೋಯಿತು, ನಲವತ್ತೊಂದು ಬಂತು. “ತಮ್ಮಾ, ಈ ದೇಶದಾಗ ಅವತ್ತೊಂದಿನ ನನ್ನಿಂದ ಏನೋ ಕೆಲಸ ಐತಿ ಅನಿಸಿತ್ತು,” ಎಂದಳು.

ಮುಗಿದ ಮೇಲೆ ಹಾಳೆ ಒಯ್ಯಲು ಬಂದವನು ಕೊನೆಯ ಚೌಕದ ಮೂಲೆಯ ನಂಬರಷ್ಟೇ ನೋಡಿ ಬರೆದುಕೊಂಡ. ಮೈಕಿನಲ್ಲಿ ಹನ್ನೆರಡನೆಯವನು ನಲವತ್ತೊಂದು ಎಂದರು. ಹದಿನೇಳು ಮುಂದಿದ್ದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಓಡಿದಳು. ಮೇಜಿನ ಹಿಂದಿದ್ದವನ ಮುಂದೆ ನಿಂತು ತನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಸುರಿದಳು: ಮೊದಲನೇ ಮನೆ ದೇವರು, ಕಾರಲ್ಲ. ಅವನು ನಕ್ಕು, ನಿಮಗೂ ದೇವರು ಒಳ್ಳೆಯದು ಮಾಡಲಿ ಎಂದು ಹೇಳಿ ಹಾಳೆಗಳನ್ನು ಪೆಟ್ಟಿಗೆಗೆ ಹಾಕಿದ. ಬಸಯ್ಯ ಪಾರ್ಕಿಂಗಿನಲ್ಲಿದ್ದ. ಅವನನ್ನು ಹುಡುಕಿ, ತಿಳಿಸಿ, ಕರೆತರುವಷ್ಟರಲ್ಲಿ ಅರ್ಧ ಗಂಟೆ ಕಳೆದು ಮೇಜನ್ನೂ ಮಡಚಿಟ್ಟಿದ್ದರು.

“ನಾ ಬಿಡು ಅಂದೆ,” ಎಂದ ಬಸಯ್ಯ. “ಒಂದು ಪಾಯಿಂಟ್ ಅಲ್ಲೇನು, ಅಂದೆ. ಆ ವರ್ಷ ಹೋಲ್ಕಂಬನ ತಂಡ ಮುಚ್ಚಿತು. ಒಂದೂ ಪಾಯಿಂಟ್ ಇಲ್ಲದ ತಂಡ ಅಂತ ಪೇಪರಿನೊಳಗ ಬಂತು. ಅದನ್ನ ಇಕಿ ನನ್ನ ಕಡೆಯಿಂದ ಎರಡು ಸಲ ಓದಿಸಿದ್ಳು.” ಅವನು ಕಲ್ಮೇಶನ ಕಡೆ ಬಾಗಿದ. “ಅಂವ ಗ್ಯಾರೇಜ್ ತಗದಾನ ಅಂತ ಗೊತ್ತಾತು ನೋಡು. ಅವತ್ತಿನಿಂದ ನಮ್ಮ ಕಾರಿನ ಎಣ್ಣಿ ಅಲ್ಲೇ. ಮನಿ ಸುತ್ತ ಮೂರು ಅಂಗಡಿ ಅದಾವ, ಇಕಿ ಇಪ್ಪತ್ತಾರು ಮೈಲಿ ಹೋಗ್ತಾಳ. ಐದು ಸಾವಿರ ಮೈಲಿಗೆ ಒಮ್ಮೆ ಸಾಕು ಅಂತೀನಿ, ನಾ ಇಂಜಿನ್ ಮಾಡಿದಾಂವ ಹೇಳ್ತೀನಿ. ಇಕಿ ಎರಡು ಸಾವಿರಕ್ಕ ಎದ್ದು ನಿಲ್ತಾಳ. ನಮ್ಮ ಕಾರಿನ ಎಣ್ಣಿ ಒಮ್ಮಿನೂ ಕಪ್ಪಾಗಿಲ್ಲ. ಮ್ಯಾಲೆ ದೀಪಾವಳಿಗೆ ಅಂವಗ ಕರದಂಟು. ಈಗ ಅಂವಗ ಹಲ್ಲಿಲ್ಲ, ಅದನ್ನ ಏನು ಮಾಡ್ತಾನೋ.”

“ಹೇಳಿಲ್ಲೇನ್ರಿ ಆಂಟಿ, ಒಮ್ಮಿನೂ?”

“ಪ್ರತಿ ಸಲ ಹೇಳಬೇಕಂತನ ಹೋಗ್ತೀನಿ,” ಎಂದಳು ನೀಲಮ್ಮ. “ಅಂವ ಗಾಜು ಒರೆಸಿ, ಮನ್ಯಾಗ ಎಲ್ಲಾರೂ ಹೆಂಗದಾರ ಅಂತಾನ. ನಾ ಚಲೋ ಅದಾರ ಅಂತೀನಿ. ಬರ್ತೀನಿ.”

ರೇಸಿನ ನಂತರದ ವರ್ಷಗಳಲ್ಲಿ ಅವಳು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳ ಊಟದ ತಟ್ಟೆ ಎಣಿಸಿದಳಂತೆ. ಆ ಊರಿನ ಕೂಟದ ಯುಗಾದಿ ಊಟಕ್ಕೆ ಎಷ್ಟು ಎಲೆ ಎಂದು ಈಗಲೂ ಅವಳನ್ನೇ ಕೇಳುತ್ತಾರೆ. ಒಂದೂ ತಪ್ಪಿದ್ದಿಲ್ಲ. ಪ್ರತಿಯೊಂದನ್ನೂ ಎರಡೆರಡು ಸಲ ಎಣಿಸುತ್ತಾಳೆ ಎಂಬುದು ಬಸಯ್ಯನಿಗೆ ಮಾತ್ರ ಗೊತ್ತು. ಫ್ರಿಜ್ಜಿನ ಮೇಲಿನ ಕಿರಾಣಿ ಪಟ್ಟಿಯನ್ನು ಕಲ್ಮೇಶ ನೋಡಿದ. ಶ್ರೀ ಇತ್ತು. ಕಾಗದದ ಮೇಲಲ್ಲ, ಅದನ್ನು ಹಿಡಿದಿದ್ದ ಅಯಸ್ಕಾಂತದ ಮೇಲೆ.

ಕಾರು ಹತ್ತುವಾಗ ಅವಳು ಕೇಳಿದಳು. “ತಿದ್ದಿ ತಂದೀಯಲ್ಲ?”

“ತಂದೀನ್ರಿ,” ಎಂದ ಕಲ್ಮೇಶ. ಪ್ರಿಂಟು ತಂದದ್ದು ಸುಳ್ಳಲ್ಲವಲ್ಲ. ಇಪ್ಪತ್ತಾರು ಮೈಲಿಯಲ್ಲಿ ಹೇಳಲು ಇಪ್ಪತ್ತಾರು ಅವಕಾಶವಿತ್ತು. ನೀಲಮ್ಮ ಮುಂದಿನ ಸೀಟಿನಲ್ಲಿ ಪ್ರಿಂಟನ್ನು ತೊಡೆಯ ಮೇಲಿಟ್ಟುಕೊಂಡು ಮದುಮಗಳಂತೆ ಸುಮ್ಮನೆ ಕುಳಿತಿದ್ದಳು. ಹದಿನೆಂಟನೇ ಮೈಲಿಗೆ ಕಲ್ಮೇಶ ಗಂಟಲು ಸರಿಮಾಡಿಕೊಂಡ. ಅವಳು ಕೆಮ್ಮು ಐತೇನು ಎಂದು ಕೇಳಿ ಚೀಲದಿಂದ ಲವಂಗ ಕೊಟ್ಟಳು. ಅವನು ಲವಂಗ ತಿಂದ.

ಗ್ಯಾರೇಜಿನ ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. ಗೋಡೆಯ ಮೇಲೆ ಒಂದೇ ಒಂದು ಫೋಟೋ ಉಳಿದಿತ್ತು: ಹಳದಿ ಕಾರು, ಹದಿನೇಳು, ಅದರೊಳಗಿಂದ ನಗುವ ಒಂದು ತಲೆ. ಅದೇ ತಲೆ ಈಗ ಬೋಳಾಗಿ, ಎಪ್ಪತ್ತೊಂದು ವರ್ಷದ ಮೈಮೇಲೆ ಕುಳಿತು, ಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ಬಂತು.

“ಮಿಸೆಸ್ ಎಚ್,” ಎಂದ ಹೋಲ್ಕಂಬ್. “ಎರಡು ವಾರ ಕೂಡ ಆಗಿಲ್ಲವಲ್ಲ.”

“ಈ ಸಲ ಇವನ ಕಾರು,” ಎಂದಳು ನೀಲಮ್ಮ ಇಂಗ್ಲಿಷಿನಲ್ಲಿ. ಅವಳ ಇಂಗ್ಲಿಷು ಈಗ ಚೆನ್ನಾಗಿತ್ತು. ತವರೂರು ಅಣ್ಣಿಗೇರಿಯ ಮೇಲೆ ಮಿಷಿಗನ್ ಹಚ್ಚಿದಂತಿತ್ತು. “ಡೇಲ್, ಕೂತ್ಕೊಳ್ಳಿ. ನಿಂತು ಕೇಳೋ ಮಾತಲ್ಲ.”

ಅವನು ಒಂದು ಪೆಟ್ಟಿಗೆಯ ಮೇಲೆ ಕುಳಿತ. ಅವಳು ನಿಂತೇ ಹೇಳಿದಳು. ಎಲ್ಲವನ್ನೂ: ಕ್ಲಿಪ್ಪು, ಮೆಲ್ಲಗೆ ಬಂದ ಸುತ್ತು, ಮೇಜು, ಅರ್ಧ ಗಂಟೆ. ಪ್ರಿಂಟು ಕೊಟ್ಟು ಒಂದನೇ ಚೌಕದ ಮೇಲೆ ಬೆರಳಿಟ್ಟಳು. ಹೋಲ್ಕಂಬ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಚೌಕಗಳನ್ನು ಸಾಲು ಸಾಲಾಗಿ ನೋಡಿದ. ಹೊರಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

“ನಲವತ್ತೊಂದು ನನ್ನ ಕನ್ನಡಿಯಲ್ಲಿತ್ತು,” ಎಂದ ಕೊನೆಗೆ. “ಕಾರಿನಲ್ಲಿ ಕೂತವನಿಗೆ ಗೊತ್ತಿರುತ್ತದೆ, ಮಿಸೆಸ್ ಎಚ್, ಯಾರು ಮುಂದೆ, ಯಾರು ಹಿಂದೆ. ಹೆಂಡತಿಗೆ ಹೇಳಿದೆ. ನನ್ನ ಹುಡುಗರಿಗೆ ಹೇಳಿದೆ. ಸೋತವರೆಲ್ಲ ಹಾಗೇ ಹೇಳುತ್ತಾರೆ ಅಂದರು. ಹತ್ತು ವರ್ಷ ಆದಮೇಲೆ ನನಗೂ ಹಾಗೇ ಅನ್ನಿಸತೊಡಗಿತು.” ಅವನು ಹಾಳೆಯ ಮೇಲೆ ಬಾಗಿದ. “ಇದು ಏನು, ಈ ಗುರುತು?”

“ಯಾವುದನ್ನಾದರೂ ಶುರು ಮಾಡೋ ಮುಂಚೆ ಬರೀತೀವಿ.”

“ಹಾಗಾದರೆ ನನ್ನನ್ನು ಹಿಂದೆ ಹಾಕಿದ್ದು ನಲವತ್ತೊಂದಲ್ಲ. ಇದು.” ಅವನು ಅದನ್ನು ಹೆ‌ಬ್ಬೆರಳಿನಿಂದ ಸವರಿದ. “ಇದಕ್ಕೆ ಸೋತರೆ ಅಂಥ ಅವಮಾನವೇನಿಲ್ಲ ಬಿಡಿ.”

ಆಗ ನೀಲಮ್ಮ ಕಲ್ಮೇಶನ ತೋಳು ಹಿಡಿದು ಮುಂದಕ್ಕೆ ಎಳೆದಳು.

“ಇವನು ಕಂಪ್ಯೂಟರಿನಲ್ಲಿ ತಿದ್ದಿದ್ದಾನೆ,” ಎಂದಳು. “ಮುಂದಿನ ತಿಂಗಳು ಎಲ್ಲರೂ ನೋಡಬಹುದು. ನಿಮಗೆ ಈಗ ಒಂದು ಪಾಯಿಂಟು ಇದೆ, ಡೇಲ್.”

ಹೋಲ್ಕಂಬ್ ತಲೆಯೆತ್ತಿ ಕಲ್ಮೇಶನನ್ನು ನೋಡಿದ. ನೀಲಮ್ಮನೂ ನೋಡಿದಳು. ಕಲ್ಮೇಶ ಜೀವನದಲ್ಲಿ ಮೂರು ಭಾಷೆ ಕಲಿತಿದ್ದ. ಆ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಅವನ ಕತ್ತು ಮಾತ್ರ, ಸ್ವಂತ ಜವಾಬ್ದಾರಿಯ ಮೇಲೆ, ಒಂದು ಸಲ ಅಲ್ಲಾಡಿತು. ಅದು ಹೌದೋ ಅಲ್ಲವೋ ಎಂದು ಹೇಳಲು ಕತ್ತಿನ ಮಾಲೀಕನಿಂದಲೂ ಆಗುತ್ತಿರಲಿಲ್ಲ.

“ಒಳ್ಳೆಯದು,” ಎಂದ ಹೋಲ್ಕಂಬ್, ನಿಧಾನಕ್ಕೆ. “ಒಂದು ಪಾಯಿಂಟು. ಒಳ್ಳೆಯದು.” ಎದ್ದು ಹೋಗಿ, ಟೇಪು ಹುಡುಕಿ, ಪ್ರಿಂಟನ್ನು ಹಳದಿ ಕಾರಿನ ಫೋಟೋದ ಪಕ್ಕ ಅಂಟಿಸಿದ. ನೀಲಮ್ಮ ಅದನ್ನು ನೋಡುತ್ತ ಸೆರಗಿನಿಂದ ಮೂಗು ಒರೆಸಿಕೊಂಡು, ಮುಖ ತೊಳೆದು ಬರುತ್ತೇನೆಂದು ಒಳಗೆ ಹೋದಳು.

ಹೋಲ್ಕಂಬ್ ಕಲ್ಮೇಶನ ಕಾರಿನ ಬಾನೆಟ್ ಎತ್ತಿದ. ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದ.

“ಅದು ಬದಲಾಗಿಲ್ಲ,” ಎಂದ, ಕಡ್ಡಿಯನ್ನು ನೋಡುತ್ತಲೇ.

“ಇಲ್ಲ.”

“ಎಷ್ಟು ತೋರಿಸುತ್ತದೆ?”

“ಸೊನ್ನೆ. ಪ್ರಯತ್ನ ಮಾಡಿದೆ. ಎರಡು ಸಲ.” ಎರಡು ಎಂದು ಹೇಳುವಾಗ ಕಲ್ಮೇಶನಿಗೆ ಮೈಯೆಲ್ಲ ನಾಚಿಕೆಯಾಯಿತು.

“ನನಗೆ ಸೊನ್ನೆ ರೂಢಿಯಾಗಿದೆ.” ಅವನು ಕಡ್ಡಿ ಒರೆಸಿದ. “ಮೂವತ್ತು ವರ್ಷದ ಮೇಲಾಯಿತು, ಎರಡೆರಡು ಸಾವಿರ ಮೈಲಿಗೆ ಬರುತ್ತಾರೆ. ಹೊಸದರಂತಿರುವ ಎಣ್ಣೆಯನ್ನು ಚೆಲ್ಲಿ ಹೊಸ ಎಣ್ಣೆ ಹಾಕಿ ಕಳಿಸುತ್ತಿದ್ದೆ. ಮನೆಯಲ್ಲಿ ಹೊತ್ತು ಹೋಗದೆ ಮಾತಾಡಲಿಕ್ಕೆ ಬರುತ್ತಾರೇನೋ ಅಂದುಕೊಂಡಿದ್ದೆ.” ಅವನು ಬಾಗಿಲ ಕಡೆ ನೋಡಿದ. “ಅವರಿಗೆ ಹೇಳಬೇಡ. ನಾನು ಇಲ್ಲಿಂದ ಹೋಗುವ ತನಕವಾದರೂ.”

ಕಲ್ಮೇಶ ಆಗಲಿ ಎಂದ. ಈ ಸಲದ ಆಗಲಿಗೆ ಆಗಲಿ ಎಂದೇ ಅರ್ಥವಿತ್ತು. ಅದು ಇನ್ನೂ ಕೆಟ್ಟದ್ದು.

ವಾಪಸು ಬರುವಾಗ ನೀಲಮ್ಮ ದಾರಿಯುದ್ದಕ್ಕೂ ಮಾತಾಡಿದಳು. ಅವಳ ಮಾತು ಹೀಗೆ ಹರಿಯುತ್ತದೆಂದು ಬಸಯ್ಯನಿಗೂ ಗೊತ್ತಿರಲಿಕ್ಕಿಲ್ಲ. ಅಣ್ಣಿಗೇರಿಯ ಬಗ್ಗೆ ಮಾತಾಡಿದಳು, ಮೊದಲ ಹಿಮದ ಬಗ್ಗೆ ಮಾತಾಡಿದಳು. ನಡುವೆ ಒಮ್ಮೆ, “ಇನ್ನ ಮ್ಯಾಲೆ ಎಣ್ಣಿ ಎಲ್ಲಿ ಬದಲಿ ಮಾಡಸಬೇಕೋ,” ಎಂದು ತನ್ನಷ್ಟಕ್ಕೆ ನಕ್ಕಳು. ಮನೆ ಮುಟ್ಟಿದ ಮೇಲೆ ಕಲ್ಮೇಶನಿಗೆ ಎರಡು ಡಬ್ಬಿ ಕರದಂಟು, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಬಸಯ್ಯ ಕಾರಿನ ತನಕ ಬಂದು, “ಮೂವತ್ತಾರು ವರ್ಷದ ಮ್ಯಾಲ ಮನಿಯೊಳಗ ಹಗುರ ಅನಸ್ತೈತಿ, ತಮ್ಮಾ,” ಎಂದ. ಇಂಜಿನ್ನಿನವನ ಬಾಯಲ್ಲಿ ಅಂಥ ಮಾತು ಬಂದದ್ದಕ್ಕೆ ತಾನೇ ಮುಜುಗರಪಟ್ಟು ಟೈರನ್ನು ಒದ್ದು ನೋಡಿದ.

ವಾಪಸು ದಾರಿಯಲ್ಲಿ ಕಲಮಜೂ ಎಂಬ ಊರು ದಾಟಿದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಕಲ್ಮೇಶ ಹೆದ್ದಾರಿ ಪಕ್ಕದ ಒಂದು ರೆಸ್ಟ್ ಏರಿಯಾದಲ್ಲಿ ಗಾಡಿ ನಿಲ್ಲಿಸಿದ. ಗಾಜಿನ ಮೂಲೆಯಲ್ಲಿ ಹೋಲ್ಕಂಬ್ ಅಂಟಿಸಿದ ಚೀಟಿಯಿತ್ತು: ಮುಂದಿನ ಸಲ ಬರಬೇಕಾದ ಮೈಲಿ, ಗ್ಯಾರೇಜಿನ ಹೆಸರು. ಆ ಮೈಲಿ ಬರುವಷ್ಟರಲ್ಲಿ ಆ ಗ್ಯಾರೇಜು ಇರುವುದಿಲ್ಲ.

ಮೊಬೈಲು ಗುಂಯ್‌ಗುಟ್ಟಿತು. ಕೂಟದ ಗುಂಪು; ನೀಲಮ್ಮನನ್ನೂ ಯಾರೋ ಅದಕ್ಕೆ ಸೇರಿಸಿದ್ದರು. ನೀಲಮ್ಮ ಗೋಡೆಯ ಮೇಲಿನ ಪ್ರಿಂಟಿನ ಫೋಟೋ ಹಾಕಿದ್ದಳು. ಕೆಳಗೆ ಬರೆದಿದ್ದಳು:

‘ನನ್ನ ಒಂದು ತಪ್ಪು ಇತ್ತು. ನಮ್ಮ ಕಲ್ಮೇಶ ತಿದ್ದಿದ. ಬರೂ ತಿಂಗಳು ಹದಿನಾಲ್ಕಕ್ಕ ಎಲ್ಲಾರೂ ನಮ್ಮ ಮನಿಗೆ ಊಟಕ್ಕ ಬರ್ರಿ. ದೊಡ್ಡ ಟಿವಿಯೊಳಗ ತೋರಸ್ತೀವಿ. ಟೆಕ್ಸಸ್ಸಿನಿಂದ ಡೇಲ್ ಅವರೂ ಫೋನಿನ ಮ್ಯಾಲ ಇರ್ತಾರ.’

ಆಗಲೇ ಅದರ ಕೆಳಗೆ ಮುಗಿದ ಕೈಗಳ ಸಾಲು ಬೆಳೆಯುತ್ತಿತ್ತು. ಬೇಸ್‌ಮೆಂಟಿನವರು ಕಾಂಗ್ರಾಟ್ಸ್ ಎಂದಿದ್ದರು. ಯಾರೋ ಒಬ್ಬರು ತಾವು ಪುಳಿಯೋಗರೆ ತರುತ್ತೇವೆಂದು ಹೆಸರು ಬರೆಸಿದ್ದರು. ಕಲ್ಮೇಶ ಕೈಗಳನ್ನು ಎಣಿಸಿದ. ಇಪ್ಪತ್ತೇಳು. ಮತ್ತೊಮ್ಮೆ ಎಣಿಸಿದ. ಮೂವತ್ತೊಂದಾಗಿದ್ದವು.

ಗುಂಪಿನಿಂದ ಹೊರಬಂದು ನೀಲಮ್ಮನೊಬ್ಬಳಿಗೆ ಬರೆಯತೊಡಗಿದ. ‘ಆಂಟಿ’ ಎಂದು ಹೊಡೆದ. ಮುಂದಿನ ಶಬ್ದಕ್ಕೆ ಕಾದ. ‘ಆಂಟಿ, ಒಂದು ಮಾತು’ ಎಂದು ಹೊಡೆದು ಅಳಿಸಿದ. ‘ಆಂಟಿ, ಕರದಂಟು ಭಾಳ ಚಲೋ’ ಎಂದು ಹೊಡೆದ, ಅದನ್ನೂ ಅಳಿಸಿದ. ಇವನು ಏನೋ ಬರೆಯುತ್ತಿದ್ದಾನೆ, ನಿಲ್ಲಿಸುತ್ತಿದ್ದಾನೆ, ಮತ್ತೆ ಬರೆಯುತ್ತಿದ್ದಾನೆ ಎಂದು ಆ ಕಡೆಯ ಪರದೆಯ ಮೇಲೆ ಕಾಣುತ್ತಿರುತ್ತದೆ ಎಂಬುದು, ಎರಡು ಡಿಗ್ರಿಯ ಡೇಟಾ ಇಂಜಿನಿಯರನಿಗೆ ಹೊಳೆದಿರಲಿಲ್ಲ.

ಆ ಕಡೆಯಿಂದಲೇ ಮೊದಲು ಬಂತು.

‘ಹೇಳಪಾ.’